ಪ್ರಜೆಯ ಕಲ್ಪನಾಶಕ್ತಿ

ಘಟಪ್ರಭೆಯ ತೀರದ ಅನಗವಾಡಿಯಿಂದ ಸುತ್ತಣ ಸೀಮೆಯನ್ನು ನೋಡುವವರಿಗೆ, ಒಂದೇ ಜೋಳದ ರೊಟ್ಟಿಯನ್ನುಂಡು ಒಂದೇ ಕನ್ನಡವನ್ನಾಡುತ್ತಿದ್ದ ಈ ಜನರು ಒಂದು ಕಾಲಕ್ಕೆ ಜಮಖಂಡಿಯಲ್ಲಿ ಪಟವರ್ಧನರಿಗೂ ಮುಧೋಳದಲ್ಲಿ ಘೋರ್ಪಡೆಯವರಿಗೂ ಬೇರೆಬೇರೆಯಾಗಿ ತಲೆಬಾಗುತ್ತಿದ್ದರೆಂಬುದು ಸುಲಭವಾಗಿ ಹೊಳೆಯಲಾರದು. ಅದೇ ಜಮಖಂಡಿ ಸಂಸ್ಥಾನದ ಸಾವಳಗಿಯಲ್ಲಿ 1912ರಲ್ಲಿ ಜನಿಸಿದ ಬಸಪ್ಪ ದಾನಪ್ಪ ಜತ್ತಿಯವರು ಪುರಸಭೆಯಲ್ಲಿ ಸಾರ್ವಜನಿಕ ಕಾರ್ಯವನ್ನಾರಂಭಿಸಿ, ಆ ಸಂಸ್ಥಾನದ ದಿವಾನರಾಗಿ, 1948ರಲ್ಲಿ ಅದು ಮುಂಬಯಿ ಪ್ರಾಂತದೊಳಗೆ ವಿಲೀನಗೊಂಡ ತರುವಾಯ ಮೈಸೂರಿನ ಮುಖ್ಯಮಂತ್ರಿಗಳಾಗಿ, 1977ರಲ್ಲಿ ಹಂಗಾಮಿ ರಾಷ್ಟ್ರಪತಿಗಳೂ ಆದರು.

ಅರಸರಿಗೆ ತಲೆಬಾಗುತ್ತಿದ್ದ ಸೀಮೆಯಿಂದ ಇಂಥವರು ಮೂಡಿದುದು ಹೇಗೆ? ಪ್ರಜಾಪ್ರಭುತ್ವದ ತತ್ತ್ವವನ್ನು ವಿವೇಚಿಸುವವರು ಮತವನ್ನೂ ಬಹುಮತವನ್ನೂ ಎಣಿಸುತ್ತಾರೆ, ಎಣಿಸಲಿ. ಆದರೆ ಆಳಿಸಿಕೊಳ್ಳುವವನು ತಾನೂ ಆಳಬಲ್ಲೆನೆಂದು ಮೊದಲು ಭಾವಿಸದಿದ್ದರೆ ಮತಪೆಟ್ಟಿಗೆ ಬರಿಯ ಪೆಟ್ಟಿಗೆಯೇ ಸರಿ. ಲಾವಣಿಯ ಹೊಲದಲ್ಲಿ ಕುಂಟೆ ಹೊಡೆಯುತ್ತಿದ್ದ ರೈತನು ಆ ನೆಲದ ಒಡೆಯನಾಗಬಹುದೆಂಬ ಭಾವನೆ, ಜತ್ತಿಯವರ ಅಧ್ಯಕ್ಷತೆಯ ಸಮಿತಿಯ ವರದಿಯನ್ನು ಹಾಯ್ದು, 1961ರ ಭೂಸುಧಾರಣಾ ಕಾಯಿದೆಯ ರೂಪವನ್ನು ತಾಳಿತು. ಆ ಕಾಯಿದೆ ದುರ್ಬಲವೇ ಆಗಿದ್ದಿತು. 1974ರ ತಿದ್ದುಪಡಿಯವರೆಗೆ ಅದಕ್ಕೆ ಬಲ ಬರಲಿಲ್ಲ. ಆದರೂ ಭಾವನೆ ಮುಂದಾಗಿ, ಕಾಯಿದೆ ಹಿಂದೆ ಬಂದಿತು.

ಆದುದರಿಂದ ನಿಮ್ಮೂರ ಗ್ರಾಮಸಭೆಗೆ ಡಂಗುರ ಸಾರಿದಾಗ ದಯಮಾಡಿ ಹೋಗಿರಿ. ಹೋಗಿ, ಸಹಿ ಹಾಕಿ ಮರಳದೆ, ಊರು ಹೇಗಿರಬೇಕೆಂಬುದನ್ನು ಬಾಯಿಬಿಟ್ಟು ಹೇಳಿರಿ.