ದಟ್ಟಣೆಯ ರಸ್ತೆಯಲ್ಲಿ ಟ್ರ್ಯಾಕ್ಟರ್ ಮತ್ತು ಟ್ರೇಲರ್



ನಾರಾಯಣಪುರ ಎಡದಂಡೆ ಕಾಲುವೆಯ ನೀರು ಹರಿದ ಮೇಲೆ ಶಹಾಪುರ, ಸುರಪುರ ತಾಲ್ಲೂಕುಗಳಲ್ಲಿ ಭತ್ತ, ಹತ್ತಿಯ ಬೇಸಾಯ ಹೆಚ್ಚಿತು. ಬೆಳೆದ ಮಾಲನ್ನು ಗಿರಣಿಗೆ, ಜಿನ್ನಿಗೆ ಮುಟ್ಟಿಸಲು ಟ್ರ್ಯಾಕ್ಟರೇ ಬೇಕು. ಸುಗ್ಗಿಯಲ್ಲಿ ಅದು ಜೇವರ್ಗಿಯಿಂದ ಶಹಾಪುರ, ಸುರಪುರದ ಮೇಲೆ ಲಿಂಗಸೂಗೂರಿಗೆ ಹೋಗುವ ಹೆದ್ದಾರಿಯಲ್ಲಿ ಲಾರಿ, ಬಸ್ಸುಗಳ ನಡುವೆ ಸಾಗಬೇಕು. ಸಂಕ್ರಾಂತಿಗೆ ಮೈಲಾಪುರದ ಜಾತ್ರೆ ಬಂತೆಂದರೆ ಯಾದಗಿರಿ ಕಡೆಯ ದಾರಿಯೂ ತುಂಬುತ್ತದೆ.

ಮೊದಲು ಬ್ರೇಕಿನ ಮಾತು. ಟ್ರ್ಯಾಕ್ಟರಿನ ತೂಕ ಸುಮಾರು 2 ಟನ್ನು. ಮಾಲು ತುಂಬಿದ ಟ್ರೇಲರ್ 5 ಟನ್ನನ್ನೂ ಮೀರಬಹುದು. ಅನೇಕ ಟ್ರೇಲರುಗಳಿಗೆ ಬ್ರೇಕೇ ಇರುವುದಿಲ್ಲ. ಆಗ ಹಿಂದಿನ ಭಾರವನ್ನೆಲ್ಲ ಮುಂದಿನ ಟ್ರ್ಯಾಕ್ಟರೊಂದೇ ತಡೆಯಬೇಕು. ಫಕ್ಕನೆ ಬ್ರೇಕು ಒತ್ತಿದರೆ ಟ್ರೇಲರು ಹಿಂದಿನಿಂದ ನೂಕಿ ಟ್ರ್ಯಾಕ್ಟರನ್ನು ಅಡ್ಡ ತಿರುಗಿಸುತ್ತದೆ. ಗಂಟೆಗೆ 30 ಕಿಲೋಮೀಟರ್ ವೇಗದಲ್ಲಿ ಒಂದು ಸೆಕೆಂಡಿಗೆ 8 ಮೀಟರಿಗೂ ಹೆಚ್ಚು ದೂರ ಸಾಗಿರುತ್ತೇವೆ. ಕಾಲು ಬ್ರೇಕಿಗೆ ಹೋಗುವಷ್ಟರಲ್ಲಿ ಅಷ್ಟು ದಾರಿ ಕಳೆಯಿತು. ವೇಗ ಇಮ್ಮಡಿಯಾದರೆ ಬ್ರೇಕು ತಡೆಯಬೇಕಾದ ಶಕ್ತಿ ನಾಲ್ಕು ಪಟ್ಟಾಗುತ್ತದೆ. ಆದ್ದರಿಂದ ಮುಂದಿನ ವಾಹನಕ್ಕೆ ಅಂಟಿಕೊಂಡು ಹೋಗಬೇಡಿರಿ.

ಹೊಲದಲ್ಲಿ ತಿರುಗಿಸಲು ಅನುಕೂಲವಾಗಲೆಂದು ಎಡ ಬಲದ ಬ್ರೇಕುಗಳಿಗೆ ಬೇರೆ ಬೇರೆ ಪೆಡಲುಗಳಿವೆ. ರಸ್ತೆಗೆ ಬರುವ ಮೊದಲು ಅವೆರಡನ್ನೂ ಕೊಂಡಿಯಿಂದ ಜೋಡಿಸಲೇಬೇಕು. ಇಲ್ಲವಾದರೆ ಒಂದೇ ಗಾಲಿ ಹಿಡಿದು ಗಾಡಿ ಪಲ್ಟಿಯಾದೀತು. ಇದು ಅರ್ಧ ನಿಮಿಷದ ಕೆಲಸ, ಆದರೂ ಮರೆಯುವವರೇ ಹೆಚ್ಚು! ಇಳಿಜಾರಿನಲ್ಲಿ ಡೀಸೆಲ್ ಉಳಿಸಲೆಂದು ನ್ಯೂಟ್ರಲ್ ಮಾಡುವುದು ದುಬಾರಿಯ ಉಳಿತಾಯ. ಇಳಿಯುವ ಮೊದಲೇ ಕೆಳಗಿನ ಗೇರಿಗೆ ಹಾಕಿ, ಎಂಜಿನ್ನೇ ವೇಗ ತಡೆಯುವಂತೆ ಮಾಡಿರಿ.

ಎರಡು ಗಾಲಿಯ ಟ್ರೇಲರಿನಲ್ಲಿ ಭಾರ ಹಿಂದಕ್ಕೆ ಬಿದ್ದರೆ ಟ್ರ್ಯಾಕ್ಟರಿನ ಹಿಂಗಾಲಿಗಳ ಹಿಡಿತ ಸಡಿಲವಾಗುತ್ತದೆ. ತುಸು ಮುಂದಕ್ಕೆ ಹೇರಿರಿ. ಜೋಡಣೆಯ ಪಿನ್ನಿಗೆ ಕ್ಲಿಪ್ ಇರಲಿ, ಜೊತೆಗೆ ಒಂದು ಗಟ್ಟಿ ಸರಪಳಿಯೂ ಇರಲಿ. ಹತ್ತಿ ಹಗುರ, ಆದರೆ ಎರಡೂ ಬದಿಗೆ ಉಬ್ಬಿ ನಿಲ್ಲುತ್ತದೆ. ಹಿಂದೆ ಬರುವ ಬಸ್ಸು ನಿಮ್ಮ ಕನ್ನಡಿಯಲ್ಲಿ ಕಾಣದಷ್ಟು ಅಗಲವಾಗಿ ತುಂಬಬೇಡಿರಿ. ಹೇರಿನ ಮೇಲೆ ಕೂಲಿಗಳನ್ನು ಕೂರಿಸುವುದಂತೂ ಬೇಡವೇ ಬೇಡ.

ರಾತ್ರಿ ಟೈರು ಪಂಕ್ಚರಾಗಿ ರಸ್ತೆಯಲ್ಲೇ ನಿಂತ, ದೀಪವಿಲ್ಲದ ಟ್ರೇಲರು ಎಲ್ಲಕ್ಕಿಂತ ಅಪಾಯಕಾರಿ. ಹಿಂಬದಿಗೆ ಕೆಂಪು, ಮುಂಬದಿಗೆ ಬಿಳಿ, ಪಕ್ಕಗಳಿಗೆ ಹಳದಿ ಹೊಳೆಯುವ ಪಟ್ಟಿ ಅಂಟಿಸಿರಿ. ಗಾಡಿಯನ್ನು ರಸ್ತೆಯಿಂದ ಪೂರ್ತಿ ಕೆಳಗಿಳಿಸಿ, ಹಿಂದೆ ದೂರದಲ್ಲಿ ಎಚ್ಚರಿಕೆಯ ತ್ರಿಕೋನ ಇಡಿರಿ. ಗಾಲಿಗೆ ಕೊಟ್ಟ ಕಲ್ಲುಗಳನ್ನು ಹೊರಡುವಾಗ ಎತ್ತಿ ಬದಿಗೆ ಹಾಕಿ ಹೋಗಿರಿ. ಹಿಂದೆ ಬರುವ ಬೈಕಿನವನಿಗೆ ಅವು ಕತ್ತಲೆಯಲ್ಲಿ ಕಾಣುವುದಿಲ್ಲ.