ಮನೆಯೊಳಗಿನ ತಿಗಣೆ



ಈ ಹೊತ್ತು ನಾನು ಆರಿಸಿಕೊಂಡಿರುವ ವಿಷಯವು ಸಭ್ಯರ ಗೋಷ್ಠಿಯಲ್ಲಿ ಎತ್ತತಕ್ಕದ್ದಲ್ಲವೆಂದು ಕೆಲವರಿಗೆ ತೋರಬಹುದು. ಹುಲಿಯ ಬೇಟೆಯನ್ನೂ ಹಾವಿನ ಕಡಿತವನ್ನೂ ಕುರಿತು ಹತ್ತು ಜನರ ನಡುವೆ ಧಾರಾಳವಾಗಿ ಮಾತನಾಡುವ ನಾವು, ತಿಗಣೆಯ ಮಾತು ಬಂದೊಡನೆ ದನಿಯನ್ನು ತಗ್ಗಿಸುತ್ತೇವೆ. ನಮ್ಮ ಪೂರ್ವಿಕರಿಗೆ ಈ ಸಂಕೋಚವಿದ್ದಂತೆ ಕಾಣುವುದಿಲ್ಲ. ದೇವತೆಗಳು ಮಂಚವನ್ನು ತೊರೆದು ಕಡಲಿನಲ್ಲಿಯೂ ಬೆಟ್ಟದಲ್ಲಿಯೂ ಮಲಗಿರುವುದು ಮತ್ಕುಣದ ಅಂಜಿಕೆಯಿಂದಲೇ ಎಂದು ಹಾಸ್ಯಮಾಡಿದ ಸಂಸ್ಕೃತ ಕವಿಯುಂಟು. ಪಂಚತಂತ್ರದಲ್ಲಿ ರಾಜನ ಹಾಸಿಗೆಯಲ್ಲಿ ಸುಖವಾಗಿದ್ದ ಹೇನೊಂದು ತಿಗಣೆಯನ್ನು ಅತಿಥಿಯಾಗಿ ಸೇರಿಸಿಕೊಂಡು ಕೆಟ್ಟ ಕಥೆಯನ್ನು ನೀವೆಲ್ಲ ಕೇಳಿದ್ದೀರಿ. ಅತಿಥಿಯು ಆತುರದಿಂದ ರಾಜನನ್ನು ಕಚ್ಚಿ ಮಂಚದ ಸಂದಿಯಲ್ಲಿ ಅಡಗಿತು. ಸೇವಕರು ಹುಡುಕಿದಾಗ ಸಿಕ್ಕಿ ಸತ್ತದ್ದು ಬಟ್ಟೆಯಲ್ಲಿಯೇ ಉಳಿದಿದ್ದ ಹೇನು. ನೀತಿಯ ಮಾತು ಹಾಗಿರಲಿ. ಕಚ್ಚುವುದು ಒಂದು ಕಡೆ, ಅಡಗುವುದು ಇನ್ನೊಂದು ಕಡೆ ಎಂಬ ತಿಗಣೆಯ ಮುಖ್ಯ ಲಕ್ಷಣವನ್ನು ಆ ಕಥೆಗಾರನು ಚೆನ್ನಾಗಿ ಕಂಡಿದ್ದನು.

ನಮ್ಮ ಹಿರಿಯರ ಮನೆಯಿರುವುದು ಚಿತ್ತಾಪುರ ತಾಲ್ಲೂಕಿನ ರಾವೂರಿನಲ್ಲಿ. ವಾಡಿ ಜಂಕ್ಷನ್ ಅಲ್ಲಿಗೆ ಸಮೀಪ. 1874ರಲ್ಲಿ ವಾಡಿಯಿಂದ ಸಿಕಂದರಾಬಾದಿಗೆ ನಿಜಾಮರ ರೈಲು ಹಾದಿ ತೆರೆದಂದಿನಿಂದ ಈ ಸೀಮೆಗೆ ದೂರದೂರದ ಜನರು ಹಾಸಿಗೆ ಸುರುಳಿಗಳೊಡನೆ ಬರುತ್ತಲೂ ಹೋಗುತ್ತಲೂ ಇದ್ದಾರೆ. ಶಹಾಬಾದಿನ ಹಾಸುಗಲ್ಲು ಅಲ್ಲಿ ನೆಲಕ್ಕೂ ಗೋಡೆಗೂ ಮಾಳಿಗೆಗೂ ಒದಗುತ್ತದೆ. ನಮ್ಮ ಮನೆಯೂ ಅಂತಹದೇ. ಕಲ್ಲಿನ ಮೇಲೆ ಕಲ್ಲು, ನಡುನಡುವೆ ಗಾರೆ ಉದುರಿದ ಬಿರುಕು, ಬಿರುಕಿನ ಪಕ್ಕದಲ್ಲಿ ಅಜ್ಜನ ಕಾಲದ ಮಂಚ.

ಕೆಲವು ವರ್ಷಗಳ ಹಿಂದೆ ಆ ಮನೆಯಲ್ಲೊಂದು ಮದುವೆ ನಡೆಯಿತು. ನಾಲ್ಕಾರು ಊರುಗಳಿಂದ ನೆಂಟರು ಬಂದರು. ಸಾಲದ ಗಾದಿ ಕೌದಿಗಳನ್ನು ಓಣಿಯ ಮನೆಗಳಿಂದ ತಂದೆವು. ನೆಂಟರು ಹೋಗಿ ಮೂರು ವಾರ ಕಳೆದಿರಬಹುದು, ನಮ್ಮ ದೊಡ್ಡವ್ವನ ತೋಳಿನ ಮೇಲೆ ಕೆಂಪು ಗಂಧೆಗಳು ಎದ್ದವು. ಸೊಳ್ಳೆಯೆಂದು ಪರದೆ ಕಟ್ಟಿದರು. ಪಿತ್ತವೆಂದು ಪಥ್ಯ ಮಾಡಿದರು. ತುರಿಕಜ್ಜಿಯಿರಬಹುದೆಂದು ಮುಲಾಮು ಹಚ್ಚಿದರು. ಮೊಮ್ಮಗು ರಾತ್ರಿಯೆಲ್ಲ ಅಳತೊಡಗಿತು. ಅದೇ ಕೋಣೆಯಲ್ಲಿ ಮಲಗುತ್ತಿದ್ದ ದೊಡ್ಡಪ್ಪನವರ ಮೈಮೇಲೆ ಮಾತ್ರ ಒಂದು ಗುರುತೂ ಇರಲಿಲ್ಲವಾದ್ದರಿಂದ, ಹಾಸಿಗೆಯಲ್ಲಿ ಏನೋ ಇದೆಯೆಂಬ ಮಾತನ್ನು ಅವರು ಒಪ್ಪಲೇ ಇಲ್ಲ.

ಇಲ್ಲಿ ಸ್ವಲ್ಪ ನಿಲ್ಲಬೇಕು. ಹೆಚ್ಚು ಜನ ಮೋಸಹೋಗುವುದು ಇಲ್ಲಿಯೇ. ತಿಗಣೆಯ ಕಡಿತಕ್ಕೆ ಎಲ್ಲರ ಮೈಯೂ ಒಂದೇ ವಿಧವಾಗಿ ಕೆರಳುವುದಿಲ್ಲ. ಒಂದೇ ಹಾಸಿಗೆಯಲ್ಲಿ ಮಲಗಿದ ಇಬ್ಬರಲ್ಲಿ ಒಬ್ಬರಿಗೆ ಗಂಧೆಯೆದ್ದು ಮತ್ತೊಬ್ಬರಿಗೆ ಏನೂ ಕಾಣದಿರುವುದುಂಟು. ಗುರುತು ಕಡಿತವಾದ ಹಲವು ದಿನಗಳ ಮೇಲೆ ಮೂಡುವುದೂ ಉಂಟು. ಆದುದರಿಂದ ಚರ್ಮವನ್ನು ನೋಡಿ ತಿಗಣೆಯೆಂದು ತೀರ್ಮಾನಿಸುವುದಾಗಲಿ, ಅಲ್ಲವೆಂದು ತೀರ್ಮಾನಿಸುವುದಾಗಲಿ ಸಲ್ಲದು. ನೋಡಬೇಕಾದದ್ದು ಮಂಚವನ್ನು.

ಏನನ್ನು ನೋಡಬೇಕು? ಬೆಳೆದ ತಿಗಣೆಯು ಸುಮಾರು 5 ಮಿಲಿಮೀಟರು ಉದ್ದ, ಕಂದುಗೆಂಪು ಬಣ್ಣ, ಚಪ್ಪಟೆ ಮೈ. ರೆಕ್ಕೆಯಿಲ್ಲ, ಹಾರದು, ನೆಗೆಯದು, ಆದರೆ ಚುರುಕಾಗಿ ಓಡುತ್ತದೆ. ಮರಿಯು ಒಣಹುಲ್ಲಿನ ಬಣ್ಣದ್ದು. ರಕ್ತ ಕುಡಿದ ಮೇಲೆ ಮಾತ್ರ ಕೆಂಪಾಗಿ ಕಾಣುತ್ತದೆ. ಮೊಟ್ಟೆಗಳು 1 ಮಿಲಿಮೀಟರಿನಷ್ಟು, ಮುತ್ತಿನಂತೆ ಬಿಳಿ, ಬಿರುಕಿನೊಳಗೆ ಅಂಟಿಕೊಂಡಿರುತ್ತವೆ. ಮರಿಯು ಐದು ಸಲ ಪೊರೆ ಕಳಚಿ ಪ್ರೌಢಾವಸ್ಥೆಗೆ ಬರುತ್ತದೆ, ಮತ್ತು ಪ್ರತಿಯೊಂದು ಸಲವೂ ಅದಕ್ಕೆ ಮೊದಲು ರಕ್ತದ ಊಟ ಬೇಕು. ಆ ಕಳಚಿದ ಪೊರೆಗಳು ನಮಗೆ ಸಾಕ್ಷಿ. ಅದಕ್ಕಿಂತಲೂ ನಂಬತಕ್ಕ ಸಾಕ್ಷಿಯೆಂದರೆ ಗಾದಿಯ ಹೊಲಿಗೆಯ ಉದ್ದಕ್ಕೂ ಮಸಿಯ ಚುಕ್ಕೆಯಂತೆ ಕಾಣುವ ಅದರ ಮಲ. ಒದ್ದೆಯ ಬಿಳಿಯ ಬಟ್ಟೆಯಿಂದ ಒರೆಸಿದರೆ ಅದು ಕಂದುಗೆಂಪಾಗಿ ಹರಡಿಕೊಳ್ಳುತ್ತದೆ. ತಿಗಣೆಗಳು ಹೆಚ್ಚಿದ ಕೋಣೆಯಲ್ಲಿ ಒಂದು ವಿಲಕ್ಷಣವಾದ ವಾಸನೆಯೂ ಇರುತ್ತದೆ. ಕೊತ್ತಂಬರಿಯ ಗ್ರೀಕ್ ಹೆಸರು ತಿಗಣೆಯ ಹೆಸರಿನಿಂದಲೇ ಹುಟ್ಟಿತೆಂದು ಕೆಲವು ನಿಘಂಟುಕಾರರು ಊಹಿಸುವುದು ಈ ವಾಸನೆಯ ಬಲದ ಮೇಲೆಯೇ. ಸಾರಿಗೆ ಕೊತ್ತಂಬರಿಯಿಲ್ಲದೆ ಊಟಮಾಡದ ನನ್ನಂಥವರು ಈ ಊಹೆಯನ್ನು ಮರೆಯುವುದು ಒಳ್ಳೆಯದು.

ಎಲ್ಲಿ ನೋಡಬೇಕು? ನಿದ್ರಿಸುವವನಿಂದ ಕೆಲವು ಅಡಿಗಳೊಳಗೆ. ನಮ್ಮ ಉಸಿರಿನಿಂದ ಹೊರಡುವ ಇಂಗಾಲಾಮ್ಲವೂ ಮೈಯ ಕಾವೂ ಅದಕ್ಕೆ ದಾರಿ ತೋರಿಸುತ್ತವೆ. ಐದು ಹತ್ತು ನಿಮಿಷಗಳಲ್ಲಿ ಹೊಟ್ಟೆ ತುಂಬಿಸಿಕೊಂಡು ಅದು ಹಿಂದಿರುಗುತ್ತದೆ. ಮಂಚದ ಕೀಲು, ಮೊಳೆಯ ತೂತು, ಹೊರಸಿನ ನುಲಿ, ಕೌದಿಯ ಮಡಿಕೆ, ತಲೆದಿಂಬಿನ ಅಂಚು, ಗೋಡೆಯ ಮೇಲಿನ ಪಟದ ಹಿಂಭಾಗ, ವಿದ್ಯುತ್ ಸ್ವಿಚ್ಚಿನ ಪೆಟ್ಟಿಗೆ, ಟ್ರಂಕಿನ ತಿರುಗಣೆ, ಇವೆಲ್ಲವೂ ಅದರ ಬಿಡಾರಗಳು. ಹಳೆಯ ಸೀರೆಗಳನ್ನು ಪದರುಪದರಾಗಿ ಸೇರಿಸಿ ಸಾವಿರ ಹೊಲಿಗೆ ಹಾಕಿದ ನಮ್ಮ ಕೌದಿಯು ನಮಗೆ ಎಷ್ಟು ಬೆಚ್ಚಗೋ ತಿಗಣೆಗೂ ಅಷ್ಟೇ ಅನುಕೂಲ. ರಾತ್ರಿ ಎರಡು ಮೂರು ಗಂಟೆಗೆ ಟಾರ್ಚನ್ನೂ ಭೂತಗನ್ನಡಿಯನ್ನೂ ಹಿಡಿದು ನೋಡಿದರೆ ಸಂದೇಹ ಪರಿಹಾರವಾಗುತ್ತದೆ. ನಮ್ಮ ಮನೆಯಲ್ಲಿ ಹಾಗೆಯೇ ಆಯಿತು. ದೊಡ್ಡಪ್ಪನವರ ತಲೆದಿಂಬಿನ ಅಂಚಿನಲ್ಲಿಯೇ ಏಳು ತಿಗಣೆಗಳು ಸಿಕ್ಕಿದವು.

ಆಗ ದೊಡ್ಡವ್ವ ಹೇಳಿದ ಮೊದಲನೆಯ ಮಾತು: “ತಗಣಿ ಅಂತ ಹೊರಗ ಯಾರ ಮುಂದೂ ಆಡಬ್ಯಾಡ್ರಿ. ಮಂದಿ ನಮ್ಮ ಮನಿಗಿ ಬರೂದು ಬಿಡತಾರ.” ಮುಂದಿನ ಅನರ್ಥಕ್ಕೆಲ್ಲ ಈ ಮಾತೇ ಮೂಲವಾಯಿತು. ಹೊರಗೆ ಹೇಳಬಾರದು, ಆದರೆ ಒಳಗೆ ಬೇಗ ಮುಗಿಯಬೇಕು. ನಮ್ಮದು ತೊಗರಿಯ ಸೀಮೆ. ಕಾಯಿಕೊರಕ ಹುಳಕ್ಕೆ ಹೊಡೆಯುವ ಔಷಧದ ಬಾಟಲಿ ಅಲ್ಲಿ ಪ್ರತಿಯೊಬ್ಬ ರೈತನ ಮನೆಯಲ್ಲೂ ಇರುತ್ತದೆ. ದೊಡ್ಡಪ್ಪನವರು ಒಂದು ಸಂಜೆ ಬಾಗಿಲು ಮುಚ್ಚಿ ಅದನ್ನು ಮಂಚಕ್ಕೂ ಗಾದಿಗೂ ಗೋಡೆಗೂ ಹೊಡೆದರು. ರಾತ್ರಿ ವಾಸನೆ ಇಳಿಯಿತೆಂದು ಎಲ್ಲರೂ ಒಳಗೆ ಮಲಗಿದರು. ನಡುರಾತ್ರಿ ಮಗು ವಾಂತಿ ಮಾಡಿತು. ಬಾಯಿಂದ ಜೊಲ್ಲು ಸುರಿಯಿತು, ಮೈ ಬೆವರಿತು, ಕಣ್ಣಿನ ಪಾಪೆ ಸಾಸಿವೆಯ ಕಾಳಿನಷ್ಟು ಕಿರಿದಾಯಿತು. ಬಾಡಿಗೆಯ ಮೋಟಾರಿನಲ್ಲಿ ಆಸ್ಪತ್ರೆಗೆ ಒಯ್ದೆವು. ಯಾವ ಔಷಧವೆಂದು ವೈದ್ಯರು ಕೇಳಿದಾಗ ದೊಡ್ಡಪ್ಪನವರು ಮೊದಲು ಸೊಳ್ಳೆಯ ಔಷಧವೆಂದರು. ಎರಡನೆಯ ಸಲ ಕೇಳಿದಾಗ ನಿಜವನ್ನು ಹೇಳಿದರು. ಎರಡು ದಿನಗಳಾದ ಮೇಲೆ ಮಗು ಚೇತರಿಸಿಕೊಂಡು ಮನೆಗೆ ಬಂದಿತು. ತಿಗಣೆಗಳು ಪಕ್ಕದ ಕೋಣೆಗೆ ಹೋಗಿದ್ದವು.

ಪೈರಿಗೆ ಹೊಡೆಯತಕ್ಕ ವಿಷವನ್ನು ಮಲಗುವ ಕೋಣೆಗೆ ತರಬೇಡಿರಿ. ಧಾನ್ಯದ ಚೀಲಗಳಲ್ಲಿ ಇಡುವ ಗುಳಿಗೆಯಂತೂ ಇನ್ನೂ ಘೋರವಾದದ್ದು. ಗಾಳಿಯ ತೇವ ತಾಕಿದೊಡನೆ ಅದರಿಂದ ಹೊರಡುವ ಫಾಸ್ಫೀನ್ ಅನಿಲವು ಬಾಗಿಲ ಸಂದಿಯನ್ನೂ ಗೋಡೆಯ ಬಿರುಕನ್ನೂ ದಾಟಿ ಪಕ್ಕದ ಮನೆಯಲ್ಲಿ ಮಲಗಿದವರನ್ನೂ ಕೊಲ್ಲಬಲ್ಲದು. ನಮ್ಮ ದೇಶದಲ್ಲಿ ಹೀಗೆ ಮಕ್ಕಳು ಸತ್ತಿದ್ದಾರೆ. ಸೀಮೆಎಣ್ಣೆಯನ್ನು ಮಂಚಕ್ಕೆ ಸುರಿಯುವುದು, ಇಲಿ ಬಂತೆಂದು ಮನೆಗೆ ಬೆಂಕಿಯಿಟ್ಟ ಗಾದೆಯನ್ನು ಅಕ್ಷರಶಃ ನಡೆಸಿದಂತೆಯೇ ಸರಿ.

ಹಿಂದಿನವರು ಡಿ.ಡಿ.ಟಿ.ಯಿಂದ ಗೆದ್ದರಲ್ಲ ಎಂದು ಕೇಳುವವರಿದ್ದಾರೆ. ಅದರ ಕೀಟನಾಶಕ ಗುಣವನ್ನು 1939ರಲ್ಲಿ ಕಂಡುಹಿಡಿದ ಪಾಲ್ ಮುಲ್ಲರ್ ಅವರಿಗೆ 1948ರಲ್ಲಿ ನೊಬೆಲ್ ಪಾರಿತೋಷಕ ಬಂದದ್ದು ನಿಜ. ಆದರೆ ಆ ಪಾರಿತೋಷಕಕ್ಕೂ ಒಂದು ವರ್ಷ ಮೊದಲೇ, 1947ರಲ್ಲಿ, ಹವಾಯಿ ದ್ವೀಪದ ನೌಕಾಪಡೆಯ ವಸತಿಗಳಲ್ಲಿ ಅದಕ್ಕೆ ಜಗ್ಗದ ತಿಗಣೆಗಳು ಕಂಡುಬಂದಿದ್ದವು. ಭಾರತದಲ್ಲಿ 1953ರಿಂದ ಮಲೇರಿಯಾ ನಿವಾರಣೆಗೆಂದು ಮನೆಮನೆಗೂ ಅದನ್ನು ಸಿಂಪಡಿಸಲಾಯಿತು. ಕಾಲಕ್ರಮದಲ್ಲಿ ತಿಗಣೆಗಳು ಅದರಿಂದ ಸಾಯುವ ಬದಲು ಕೆರಳಿ ಹೊರಬಿದ್ದು, ಕೆಲವೆಡೆ ಜನರು ಸಿಂಪರಣೆಯೇ ಬೇಡವೆಂದರು. ಈಗ ಅಂಗಡಿಯಲ್ಲಿ ಸಿಗುವ ಪೈರೆಥ್ರಾಯಿಡ್ ಜಾತಿಯ ಔಷಧಗಳಿಗೂ ಅದೇ ಗತಿಯಾಗಿದೆ. ಅಂದಮೇಲೆ ಒಂದು ಡಬ್ಬಿ ಸಾಲದೆಂದು ಮೂರು ಡಬ್ಬಿ ಹೊಡೆಯುವುದರಿಂದ ಕೆಡುವುದು ನಮ್ಮ ಶ್ವಾಸಕೋಶ.

ಒಂದು ಸಮಾಧಾನವನ್ನೂ ಹೇಳಬೇಕು. ತಿಗಣೆಯು ಮನುಷ್ಯರಲ್ಲಿ ರೋಗವನ್ನು ಹರಡುತ್ತದೆಂದು ಈವರೆಗೆ ಸ್ಥಾಪಿತವಾಗಿಲ್ಲ. ಇಪ್ಪತ್ತನೆಯ ಶತಮಾನದ ಆದಿಯಲ್ಲಿ ಮದರಾಸಿನಲ್ಲಿದ್ದ ಪ್ಯಾಟನ್ ಎಂಬ ವೈದ್ಯಾಧಿಕಾರಿಯು ಕಾಳಾ ಅಜಾರ್ ಜ್ವರಕ್ಕೆ ತಿಗಣೆಯೇ ವಾಹಕವೆಂದು ಬಲವಾಗಿ ನಂಬಿದ್ದನು. ನಿಜವಾದ ಅಪರಾಧಿಯು ಮರಳುನೊಣವೆಂದು 1942ರಲ್ಲಿ ಸ್ವಾಮಿನಾಥ್, ಶಾರ್ಟ್, ಆಂಡರ್ಸನ್ ಎಂಬವರು ಪ್ರಯೋಗದಿಂದ ತೋರಿಸಿಕೊಟ್ಟರು. ತಿಗಣೆಯು ಕೊಳಕಿನಿಂದ ಹುಟ್ಟುವುದೆಂಬ ಅಪವಾದವೂ ಅಂಥದೇ. ಅದಕ್ಕೆ ಬೇಕಾದದ್ದು ರಕ್ತ ಮತ್ತು ಬಿರುಕು. ಅರಮನೆಯಲ್ಲಿ ಎರಡೂ ಉಂಟೆಂದು ಪಂಚತಂತ್ರವೇ ಹೇಳಿದೆ. ಯಾವ ಗೃಹಿಣಿಯೂ ಇದರಿಂದ ತಲೆತಗ್ಗಿಸಬೇಕಾದ್ದಿಲ್ಲ.

ಇನ್ನು ನಿವಾರಣೆ. ತಿಗಣೆಯು ವಿಷಕ್ಕೆ ಒಗ್ಗಿಕೊಂಡಿದೆಯಾದರೂ ಕಾವಿಗೆ ಒಗ್ಗಿಲ್ಲ. 45 ಡಿಗ್ರಿ ಸೆಂಟಿಗ್ರೇಡಿನಲ್ಲಿ ಸುಮಾರು ಒಂದೂವರೆ ಗಂಟೆಯಿದ್ದರೆ ಬೆಳೆದ ಹುಳ ಸಾಯುತ್ತದೆ. ಮೊಟ್ಟೆ ಹೆಚ್ಚು ಹಟಮಾರಿ. ಅದಕ್ಕೆ 48 ಡಿಗ್ರಿಯಲ್ಲಿ ಒಂದು ಗಂಟೆಗೂ ಮೀರಿ ಹೊತ್ತು ಬೇಕು. 55 ಡಿಗ್ರಿ ದಾಟಿದರೆ ಎರಡೂ ಬೇಗ ಸಾಯುತ್ತವೆ. ಬೇಸಿಗೆಯಲ್ಲಿ ನೆರಳಿನ ಗಾಳಿಯೇ 40 ಡಿಗ್ರಿಯನ್ನು ಮೀರುವ ಕಲಬುರಗಿಯ ಸೀಮೆಯಲ್ಲಿ, ಮಧ್ಯಾಹ್ನದ ಮಾಳಿಗೆಯ ಕಲ್ಲಿನ ಮೇಲೆ ಬರಿಗಾಲಿನಲ್ಲಿ ನಿಂತವರಿಗೆ ನಾನು ಹೆಚ್ಚು ವಿವರಿಸಬೇಕಾದ್ದಿಲ್ಲ. ಕೌದಿಗಳನ್ನು ಒಂದೊಂದಾಗಿ, ಮಡಿಕೆಯಿಲ್ಲದೆ, ಆ ಕಲ್ಲಿನ ಮೇಲೆ ಹಾಸಿ, ಮಧ್ಯೆ ಮಗುಚಿ ಹಾಕಿರಿ. ದಪ್ಪ ಗಾದಿಗೆ ಮಾತ್ರ ಈ ಉಪಾಯ ಸಾಲದು. ಮೇಲ್ಭಾಗ ಸುಡುತ್ತಿದ್ದರೂ ನಡುಭಾಗ ತಣ್ಣಗಿರುತ್ತದೆ, ಹುಳವು ಕೆಳಮಗ್ಗುಲಿಗೆ ಸರಿದುಕೊಳ್ಳುತ್ತದೆ. ಹತ್ತಿಯ ಗಾದಿಯಾದರೆ ಬಿಚ್ಚಿಸಿ, ಹತ್ತಿಯನ್ನು ಹಿಂಜಿಸಿ, ಹೊದಿಕೆಯನ್ನು ಕುದಿಸಿ ಮತ್ತೆ ತುಂಬಿಸುವುದೇ ಸರಿ. ತೊಳೆಯಬಹುದಾದ ಬಟ್ಟೆಗಳಿಗೆ 60 ಡಿಗ್ರಿಯ ನೀರು ಬೇಕು. ಕೋಣೆಯಿಂದ ಕೋಣೆಗೆ ಒಯ್ಯುವಾಗ ಎಲ್ಲವನ್ನೂ ಚೀಲದಲ್ಲಿ ಕಟ್ಟಿ ಒಯ್ಯಿರಿ. ಹೆಗಲ ಮೇಲೆ ಹೊತ್ತೊಯ್ದರೆ ದಾರಿಯುದ್ದಕ್ಕೂ ಬಿತ್ತನೆಯಾಗುತ್ತದೆ.

ಮರದ ಮಂಚವನ್ನು ಅಂಗಳಕ್ಕೆ ತಂದು ಕೀಲು ಬಿಚ್ಚಿ ಕುದಿಯುವ ನೀರನ್ನು ಸಂದುಸಂದಿಗೆ ಹೊಯ್ಯುವುದು ನಮ್ಮ ಅಜ್ಜಿಯರ ಪದ್ಧತಿ. ಮೊಟ್ಟೆಯನ್ನೂ ಕೊಲ್ಲುವ ಈ ಪದ್ಧತಿಗೆ ಆಧುನಿಕರು ಹಬೆಯ ಯಂತ್ರವನ್ನು ಸೇರಿಸಿದ್ದಾರೆ, ಅಷ್ಟೇ. ಮಕ್ಕಳನ್ನು ದೂರವಿಡಿರಿ. ಗೋಡೆಯ ಬಿರುಕುಗಳನ್ನು ಗಾರೆಯಿಂದ ಮುಚ್ಚಬೇಕು. ವಾಡಿ ಶಹಾಬಾದುಗಳ ಸೀಮೆಯಲ್ಲಿ ಒಂದು ಬೊಗಸೆ ಸಿಮೆಂಟಿಗೆ ಬರವೆಂದು ಯಾರೂ ಹೇಳಲಾರರು.

ಆ ಮೇಲೆ ಮಂಚವನ್ನು ಗೋಡೆಯಿಂದ ಒಂದು ಗೇಣು ದೂರವಿಟ್ಟು, ಹೊದಿಕೆ ನೆಲಕ್ಕೆ ತಾಗದಂತೆ ಸಿಕ್ಕಿಸಿ, ಕಾಲುಗಳನ್ನು ಸೋಪಿನ ನೀರು ತುಂಬಿದ ಬಟ್ಟಲುಗಳಲ್ಲಿ ನಿಲ್ಲಿಸಿರಿ. ಬರಿಯ ನುಣುಪಾದ ಬಟ್ಟಲನ್ನು ನಂಬಬೇಡಿರಿ. ಪರದೇಶದ ಶೀತಪ್ರದೇಶದ ತಿಗಣೆ ಅದರಿಂದ ಹತ್ತಿ ಬರಲಾರದು. ನಮ್ಮ ಉಷ್ಣವಲಯದ ತಿಗಣೆ ಬೇರೆ ಜಾತಿಯದು, ಅದರ ಕಾಲಿನಲ್ಲಿ ದಟ್ಟವಾದ ರೋಮಗಳಿರುವುದರಿಂದ ನುಣುಪಾದ ಗೋಡೆಯನ್ನೂ ಏರುತ್ತದೆಂದು 2017ರಲ್ಲಿ ಪ್ರಕಟವಾದ ಪರಿಶೋಧನೆಯು ತಿಳಿಸುತ್ತದೆ. ಆ ಮಂಚದಲ್ಲಿಯೇ ಮಲಗುವುದನ್ನು ಮುಂದುವರಿಸಿರಿ. ಕೋಣೆ ಬಿಟ್ಟು ಪಡಸಾಲೆಗೆ ಹೋದರೆ ಅವೂ ಹಿಂಬಾಲಿಸುತ್ತವೆ. ಉಪವಾಸವಿದ್ದು ತಿಂಗಳುಗಟ್ಟಲೆ ಕಾಯಲೂ ಅವು ಬಲ್ಲವು.

ಬಿಟ್ಟ ಮೊಟ್ಟೆ ಬೇಸಿಗೆಯಲ್ಲಿ ಆರರಿಂದ ಹತ್ತು ದಿನಗಳಲ್ಲಿ ಒಡೆಯುತ್ತದೆ. ಆದಕಾರಣ ಒಂದು ಸಲದ ಶ್ರಮದಿಂದ ಕೆಲಸ ಮುಗಿಯಿತೆಂದು ಕೈತೊಳೆಯಬಾರದು. ವಾರಕ್ಕೊಮ್ಮೆಯಂತೆ ಎರಡು ತಿಂಗಳು ಇದನ್ನೇ ಮಾಡಬೇಕು. ವೃತ್ತಿಯವರನ್ನು ಕರೆಸುವುದಾದರೆ ಯಾವ ಔಷಧ, ಎಷ್ಟು ಹೊತ್ತು ಹೊರಗಿರಬೇಕು, ಎರಡನೆಯ ಸಲ ಯಾವಾಗ ಬರುವರು ಎಂಬುದನ್ನು ಮೊದಲೇ ಬರೆಯಿಸಿಕೊಳ್ಳಿರಿ.

ನಮ್ಮ ಮನೆಯಲ್ಲಿ ಆರು ವಾರಗಳಾದವು. ಆಸ್ಪತ್ರೆಯ ಪ್ರಸಂಗವಾದ ಮೇಲೆ ಗುಟ್ಟು ಉಳಿಯುವಂತಿರಲಿಲ್ಲ. ದೊಡ್ಡವ್ವ ತಾನೇ ಓಣಿಯಲ್ಲಿ ನಡೆದುಹೋಗಿ, ಮದುವೆಗೆಂದು ಗಾದಿ ಕೊಟ್ಟಿದ್ದ ಮನೆಗಳವರಿಗೆಲ್ಲ ವಿಷಯವನ್ನು ತಿಳಿಸಿದಳು. ಮೂರನೆಯ ಮನೆಯ ಮುತ್ತೈದೆ ಸ್ವಲ್ಪ ಹೊತ್ತು ಸುಮ್ಮನಿದ್ದು, ತಮ್ಮ ಮನೆಯಲ್ಲಿ ಅದು ದೀಪಾವಳಿಯಿಂದಲೇ ಇದೆಯೆಂದಳು. ಮರುದಿನ ಆ ಮಾಳಿಗೆಯ ಮೇಲೂ ಕೌದಿಗಳು ಹರಡಿದವು. ನಮ್ಮ ಟಾರ್ಚು ಅಲ್ಲಿಂದ ಹಿಂದಿರುಗಿ ಬರಲು ಎಂಟು ದಿನ ಹಿಡಿಯಿತು.