ಬಯಲು ಬರಿದಲ್ಲ

ಮೈಸೂರಿನ ಮಂಡಿ ಮೊಹಲ್ಲಾದ ಓಣಿಗಳಲ್ಲಿ ಸಂಜೆ ನಡೆದಾಡುವವರಿಗೆ ಈ ನೋಟ ಹೊಸದಲ್ಲ. ಒಂದು ತುದಿಯಲ್ಲಿ ಎರಡು ಇಟ್ಟಿಗೆ, ಇನ್ನೊಂದು ತುದಿಯಲ್ಲಿ ಎರಡು ಜೊತೆ ಚಪ್ಪಲಿ, ಅವೇ ಗೋಲು. ಆಟೋ ಬಂದರೆ ಆಟ ನಿಲ್ಲುತ್ತದೆ, ಹೋದೊಡನೆ ಮುಂದುವರಿಯುತ್ತದೆ. ಕಾಲ್ಚೆಂಡಿನ ಪೂರ್ಣಪ್ರಮಾಣದ ಅಂಕಣ 105 ಮೀಟರ್ ಉದ್ದ, 68 ಮೀಟರ್ ಅಗಲ. ಎಂದರೆ ಸುಮಾರು ಒಂದೂ ಮುಕ್ಕಾಲು ಎಕರೆ. ಮನೆಗೆ ಮನೆ ಅಂಟಿಕೊಂಡ ಹಳೆಯ ಮೊಹಲ್ಲಾದಲ್ಲಿ ಅಷ್ಟು ನೆಲವೆಲ್ಲಿ? ಆದ್ದರಿಂದ ಕೊಂಚ ದೊಡ್ಡವರಾದ ಹುಡುಗರು ಸಂತ ಫಿಲೋಮಿನಾ ಚರ್ಚನ್ನು ದಾಟಿ, ಬನ್ನಿಮಂಟಪದ ಕಡೆಗೆ ಬಯಲನ್ನರಸಿ ಹೊರಡುತ್ತಾರೆ.

ಅಂಥದೊಂದು ಬಯಲಿನಂಚಿನಲ್ಲಿ ಒಂದು ಭಾನುವಾರ ನಾನು ನಿಂತಿದ್ದೆ. ಆಟಕ್ಕೆ ಮೊದಲು ಹುಡುಗರೆಲ್ಲ ಸಾಲಾಗಿ, ಪೈರು ಕೀಳುವವರಂತೆ ಬಾಗಿ, ಈ ಕಡೆಯಿಂದ ಆ ಕಡೆಗೆ ನಡೆದರು. ಗಾಜಿನ ಚೂರು, ಕಲ್ಲು, ಸೀಸೆಯ ಮುಚ್ಚಳಗಳನ್ನು ಆಯ್ದು ಮೂಲೆಗೆ ಹಾಕಿದರು. ಕಾರಣ ಕೇಳಿದೆ. “ನಮ್ಮಲ್ಲಿ ಅರ್ಧ ಜನ ಬರಿಗಾಲಲ್ಲೇ ಆಡೋದು, ಸಾರ್,” ಎಂದನೊಬ್ಬ.

ಬರಿಗಾಲಿನ ಆಟ ನಮಗೆ ಅಪರಿಚಿತವಲ್ಲ. 1948ರ ಲಂಡನ್ ಒಲಿಂಪಿಕ್ಸ್‌ನಲ್ಲಿ ಭಾರತದ ಆಟಗಾರರಲ್ಲಿ ಬಹುಮಂದಿ ಬೂಟಿಲ್ಲದೆ ಆಡಿದರು. ಫ್ರಾನ್ಸಿನೆದುರು 2-1ರಿಂದ ಸೋತ ಆ ಪಂದ್ಯದಲ್ಲಿ ನಮ್ಮ ಏಕೈಕ ಗೋಲನ್ನು ಹೊಡೆದವರು ಬೆಂಗಳೂರಿನ ಸಾರಂಗಪಾಣಿ ರಾಮನ್. ಅದೇ ಬೆಂಗಳೂರಿನ ಗೌತಮಪುರದ ಜನ ಈ ಆಟವನ್ನು ಎಷ್ಟು ತಮ್ಮದಾಗಿಸಿಕೊಂಡರೆಂದರೆ, ತಮ್ಮ ಬಡಾವಣೆಯಲ್ಲಿ ಪೆಲೆಯ ಪ್ರತಿಮೆಯನ್ನೇ ನಿಲ್ಲಿಸಿದ್ದಾರೆ. 2023ರ ಮಾರ್ಚಿಯಲ್ಲಿ ರಿಯಾದಿನಲ್ಲಿ ಕರ್ನಾಟಕವು ಐವತ್ತನಾಲ್ಕು ವರ್ಷಗಳ ಮೇಲೆ ಸಂತೋಷ್ ಟ್ರೋಫಿಯನ್ನು ಗೆದ್ದಾಗ ನಾವೆಲ್ಲ ಹಿಗ್ಗಿದೆವು. ಆದರೆ ಆಟಗಾರನ ಕಾಲು ಮೊದಲು ಪಳಗುವುದು ದೊಡ್ಡ ಕ್ರೀಡಾಂಗಣದಲ್ಲಲ್ಲ, ಕೇರಿಯ ಬಯಲಿನಲ್ಲಿ.

ಆ ಬಯಲಿಗೆ ಬೇಕಾದ ಆರೈಕೆ ದುಬಾರಿಯದೇನಲ್ಲ. ಗೋಲಿನ ಮುಂದಿನ ಹುಲ್ಲು ಎಲ್ಲಕ್ಕಿಂತ ಮೊದಲು ಸವೆಯುತ್ತದೆ. ಆಗಾಗ ಗೋಲಿನ ಜಾಗ ಬದಲಿಸಿದರೆ ನೆಲ ಸುಧಾರಿಸಿಕೊಳ್ಳುತ್ತದೆ. ಮಳೆ ನಿಂತೊಡನೆ ಕೆಸರಿನಲ್ಲಿ ಆಡಿದರೆ ಹೆಜ್ಜೆಗುಳಿಗಳು ಒಣಗಿ ಕಾಲುಳುಕಿಸುತ್ತವೆ. ಒಂದು ದಿನ ತಾಳಬೇಕು. ಮುಂಗಾರಿಗೆ ಮುನ್ನ ಗುಂಡಿಗಳಿಗೆ ಮಣ್ಣು ತುಂಬಬೇಕು, ಅಂಚಿನಲ್ಲಿ ನೀರು ಹರಿಯಲು ಕಾಲುವೆ ತೆಗೆಯಬೇಕು. ಹುಡುಗರು ತಮ್ಮ ಪಾಲನ್ನು ಮಾಡುತ್ತಿದ್ದಾರೆ. ಒಂದು ಗಾಡಿ ಮಣ್ಣು, ಒಂದು ಚೀಲ ಸುಣ್ಣ ಹಿರಿಯರಿಂದ ಬರಬಾರದೆ?

ಆಟದ ಬಯಲುಗಳ ರಕ್ಷಣೆಗೆಂದು ನಮ್ಮ ರಾಜ್ಯದಲ್ಲಿ 1985ರ ಕಾಯಿದೆಯಿದೆ. ಕಾಯಿದೆ ಒತ್ತುವರಿಯನ್ನು ತಡೆದೀತು. ಗಾಜಿನ ಚೂರನ್ನು ಆಯಲಾರದು. ಖಾಲಿಯಾಗಿ ಕಂಡ ನೆಲದ ಮೇಲೆ ಒಬ್ಬರು ಕಟ್ಟಡದ ಕಸ ಸುರಿಯುತ್ತಾರೆ. ಅದನ್ನು ಕಾಪಾಡುವೆವೆಂದು ಮತ್ತೊಬ್ಬರು ಬೇಲಿ ಕಟ್ಟಿ ಬೀಗ ಜಡಿಯುತ್ತಾರೆ. ಎರಡರಲ್ಲೂ ಹೊರಗುಳಿಯುವವನು ಓಣಿಯ ಹುಡುಗನೇ.

ನಮ್ಮ ವಚನಕಾರರಿಗೆ ಬಯಲು ಎಂಬುದು ಬರಿದಾದುದರ ಹೆಸರಲ್ಲ, ತುಂಬಿದುದರ ಹೆಸರು. ಆ ಭಾನುವಾರ ಕಲ್ಲನ್ನಾಯ್ದ ಹುಡುಗರು ವಚನಗಳನ್ನು ಓದಿದ್ದರೋ ಇಲ್ಲವೋ, ನಾನು ಕೇಳಲಿಲ್ಲ. ನಾಳೆ ಅಲ್ಲಿ ಓಡಲಿರುವುದು ತನ್ನ ಕಾಲೋ ಇನ್ನೊಬ್ಬನ ಕಾಲೋ ಎಂದು ಅವರಲ್ಲಿ ಯಾರೂ ಎಣಿಸಿದಂತೆ ಕಾಣಲಿಲ್ಲ.